ಅಂಗಳದ ಹೆಮ್ಮರಕ್ಕೂ ಬೇಕು ನುರಿತ ಕೈ

ಏಪ್ರಿಲ್ ತಿಂಗಳ ಕೊನೆಯ ವಾರ. ಸಂಜೆ ಬೀಸಿದ ಬಿರುಗಾಳಿಗೆ ಬಡಾವಣೆಯ ಯಾವುದೋ ರಸ್ತೆಯಲ್ಲಿ ಮರವೊಂದು ಉರುಳಿ ಕಾರಿನ ಮೇಲೆ ಬಿದ್ದಿರುತ್ತದೆ. ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಆ ಚಿತ್ರವನ್ನು ಕಂಡ ಮನೆಯ ಯಜಮಾನರು ತಮ್ಮ ಕಾಂಪೌಂಡಿನೊಳಗಿನ ಮರವನ್ನು ಆತಂಕದಿಂದ ನೋಡುತ್ತಾರೆ. ಅದೇ ಹೊತ್ತಿಗೆ ಮಚ್ಚು, ಹಗ್ಗ ಹಿಡಿದ ಇಬ್ಬರು ಗೇಟಿನ ಬಳಿ ನಿಂತು "ಮರ ಕ್ಲೀನ್ ಮಾಡಿಸ್ತೀರಾ ಸಾರ್?" ಎಂದು ಕೇಳುತ್ತಾರೆ. ಹತ್ತು ನಿಮಿಷಗಳಲ್ಲಿ ಚೌಕಾಶಿ ಮುಗಿಯುತ್ತದೆ. ಮಧ್ಯಾಹ್ನದ ಊಟದ ವೇಳೆಗೆ ನಲವತ್ತು ವರ್ಷಗಳ ಮರ ಬೋಳು ಕಂಬವಾಗಿ ನಿಂತಿರುತ್ತದೆ.

ಕಾರ್ಖಾನೆಯ ಜನರೇಟರಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ನಾವು. ಲೇತ್ ಯಂತ್ರದ ದುರಸ್ತಿಗೂ ಮೂರು ಕಡೆಯಿಂದ ದರಪಟ್ಟಿ ತರಿಸುವವರು ನಾವು. ಕೆಲಸಗಾರನ ಅನುಭವವೇನು, ಬಿಲ್ಲು ಕೊಡುತ್ತಾನೆಯೇ, ತಪ್ಪಾದರೆ ಹೊಣೆ ಯಾರದು ಎಂದು ವಿಚಾರಿಸದೆ ಒಂದು ಮೋಟಾರನ್ನೂ ಬಿಚ್ಚಲು ಬಿಡುವುದಿಲ್ಲ. ಆದರೆ ಒಮ್ಮೆ ಕೆಟ್ಟರೆ ಯಾವ ಅಂಗಡಿಯಲ್ಲಿಯೂ ಬಿಡಿಭಾಗ ಸಿಗದ ಹೆಮ್ಮರವನ್ನು ಮಾತ್ರ ಗುರುತು ಪರಿಚಯವಿಲ್ಲದ ಕೈಗೆ ಒಪ್ಪಿಸಿಬಿಡುತ್ತೇವೆ. ಈ ರೂಢಿ ಏಕೆ ದುಬಾರಿಯಾದುದು, ಅದಕ್ಕೆ ಪರ್ಯಾಯವೇನು ಎಂಬುದನ್ನು ಸದಸ್ಯ ಮಿತ್ರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಟ್ಟಿಗೆ ನೆಟ್ಟವು, ಒಟ್ಟಿಗೆ ಮುಪ್ಪಾಗುತ್ತಿವೆ

ಬೆಂಗಳೂರಿನ ಮರಗಳ ಇತಿಹಾಸ ತಿಳಿದರೆ ಸಮಸ್ಯೆಯ ಮೂಲ ಸ್ಪಷ್ಟವಾಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್ ಅವರು ಲಾಲ್‌ಬಾಗ್ ಅನ್ನು ಬೆಳೆಸಿದ್ದಲ್ಲದೆ, ವರ್ಷದ ಒಂದಲ್ಲ ಒಂದು ಕಾಲದಲ್ಲಿ ಒಂದಿಲ್ಲೊಂದು ರಸ್ತೆ ಹೂ ಬಿಡುವಂತೆ ನಗರದ ಸಾಲುಮರಗಳನ್ನು ಯೋಜಿಸಿದರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಜಯನಗರ, ರಾಜಾಜಿನಗರದಂತಹ ಬಡಾವಣೆಗಳು ರೂಪುಗೊಂಡಾಗ ನಿವೇಶನದಾರರು ಹಿತ್ತಿಲಿನಲ್ಲಿ ಮಾವು, ತೆಂಗು, ಹಲಸನ್ನು ನೆಟ್ಟುಕೊಂಡರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು.

ಅಂದು ನೆಟ್ಟ ಸಸಿಗಳು ಇಂದು ನಲವತ್ತರ ಗಡಿ ದಾಟಿವೆ. ಗುಲ್‌ಮೊಹರ್, ಮಳೆಮರ, ನೀರುಕಾಯಿ ಮರದಂತಹ ಬೇಗ ಬೆಳೆಯುವ ವಿದೇಶಿ ಜಾತಿಗಳು ನಗರದಲ್ಲಿ ಹೇರಳವಾಗಿವೆ. ಬೇಗ ಬೆಳೆಯುವ ಹಲವು ಜಾತಿಗಳ ಕಟ್ಟಿಗೆ ಮೆದು. ಅವುಗಳ ಭಾರವಾದ ಕೊಂಬೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಒಂದೇ ಕಾಲದಲ್ಲಿ ನೆಟ್ಟ ಮರಗಳಿಗೆ ಆರೈಕೆಯ ಅಗತ್ಯವೂ ಒಂದೇ ಕಾಲದಲ್ಲಿ ಬರುತ್ತದೆ. ಆದುದರಿಂದ ಬರಲಿರುವ ವರ್ಷಗಳಲ್ಲಿ ಬಡಾವಣೆಗಳ ಮನೆಮನೆಯಲ್ಲಿಯೂ "ಈ ಮರವನ್ನು ಏನು ಮಾಡುವುದು?" ಎಂಬ ಪ್ರಶ್ನೆ ಏಳಲಿದೆ.

ಒಂದು ಮರ, ಮೂರು ಖರ್ಚು

ರಾಜಾಜಿನಗರದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಅನುಭವವನ್ನು ಇಲ್ಲಿ ಹೇಳಬೇಕು. ಅವರ ತಂದೆ ನೆಟ್ಟ ಗುಲ್‌ಮೊಹರ್ ಮನೆಯ ಮುಂದೆ ದೊಡ್ಡದಾಗಿ ಹರಡಿತ್ತು. ಒಂದು ಬಿರುಗಾಳಿಯ ಮರುದಿನ, ಮೇಲೆ ಹೇಳಿದ ರೀತಿಯಲ್ಲಿಯೇ, ಅದರ ನೆತ್ತಿಯನ್ನು ಪೂರಾ ಕಡಿಸಿದರು. ಕಡಿದ ಮೋಟುಗಳಿಗೆ ಡಾಂಬರು ಬಳಿಸಿದರು. ಮಳೆಗಾಲದಲ್ಲಿ ಮೋಟಿನ ಸುತ್ತ ಹುಲುಸಾಗಿ ಚಿಗುರು ಬಂದಾಗ ಮರ ಬದುಕಿತೆಂದು ಸಂತೋಷಪಟ್ಟರು. ನಾಲ್ಕನೆಯ ಬೇಸಿಗೆಯಲ್ಲಿ, ತೋಳಿನಷ್ಟು ದಪ್ಪವಾಗಿದ್ದ ಆ ಚಿಗುರುಕೊಂಬೆಗಳಲ್ಲಿ ಒಂದು ಬುಡಸಹಿತ ಕಿತ್ತು ಪಕ್ಕದ ಮನೆಯ ಶೀಟಿನ ಮೇಲೆ ಬಿತ್ತು. ಶೀಟಿನ ಕೆಳಗೆ ಪ್ರತಿದಿನ ಆಡುತ್ತಿದ್ದ ಮಕ್ಕಳು ಅಂದು ಶಾಲೆಯಲ್ಲಿದ್ದರು. ಇಷ್ಟೇ ಅದೃಷ್ಟ.

ಬಳಿಕ ತರಬೇತಿ ಪಡೆದವರೊಬ್ಬರನ್ನು ಕರೆಸಿ ನೋಡಿದಾಗ, ಕಡಿದ ಪ್ರತಿಯೊಂದು ಮೋಟಿನಿಂದಲೂ ಕೊಳೆ ಕಾಂಡದೊಳಕ್ಕೆ ಇಳಿದಿರುವುದು ಕಂಡುಬಂದಿತು. ಅನುಮತಿ ಪಡೆದು ಮರವನ್ನು ತೆಗೆಸದೆ ಬೇರೆ ದಾರಿ ಇರಲಿಲ್ಲ. ಕಡಿಸಿದ ಕೂಲಿ, ನೆರೆಯವರ ಶೀಟಿನ ವೆಚ್ಚ, ಕೊನೆಗೆ ಮರ ತೆಗೆಸಿದ ವೆಚ್ಚ, ಹೀಗೆ ಮೂರು ಬಾರಿ ಹಣ ತೆತ್ತರು. "ಅಪ್ಪ ನೆಟ್ಟ ಮರವನ್ನು ಗಾಳಿ ಕೆಡವಲಿಲ್ಲ, ನಾನೇ ಕೆಡವಿದೆ" ಎಂಬುದು ಅವರ ಮಾತು.

ಮರ ಗಾಯವನ್ನು ಮಾಯಿಸುವುದಿಲ್ಲ, ಗೋಡೆ ಕಟ್ಟುತ್ತದೆ

ಅವರ ಮರಕ್ಕೆ ಆದದ್ದೇನು? ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಪರೀಕ್ಷಿಸಿ ಇದಕ್ಕೆ ಉತ್ತರ ಕಂಡುಕೊಂಡರು. ನಮ್ಮ ಚರ್ಮದ ಗಾಯದಲ್ಲಿ ಹೊಸ ಜೀವಕೋಶಗಳು ಹಳೆಯವುಗಳ ಸ್ಥಾನವನ್ನು ತುಂಬುತ್ತವೆ. ಮರದಲ್ಲಿ ಹಾಗಾಗುವುದಿಲ್ಲ. ಗಾಯಗೊಂಡ ಕಟ್ಟಿಗೆಯ ಸುತ್ತ ಮರವು ರಾಸಾಯನಿಕ ಗೋಡೆಗಳನ್ನು ಕಟ್ಟಿ, ಕೊಳೆ ಮುಂದುವರಿಯದಂತೆ ತಡೆದು, ಹೊರಗಿನಿಂದ ಹೊಸ ಕಟ್ಟಿಗೆಯನ್ನು ಬೆಳೆಸಿ ಗಾಯವನ್ನು ಮುಚ್ಚುತ್ತದೆ. ಆ ಗೋಡೆ ಕಟ್ಟುವ ಶಕ್ತಿ ಮರದ ಎಲ್ಲ ಭಾಗಗಳಲ್ಲಿಯೂ ಸಮನಾಗಿರುವುದಿಲ್ಲ. ಆದ್ದರಿಂದ ಎಲ್ಲಿ ಕತ್ತರಿಸುತ್ತೇವೆ ಎಂಬುದೇ ಮುಖ್ಯ.

ಕೊಂಬೆಯು ಕಾಂಡವನ್ನು ಸೇರುವಲ್ಲಿ ಸ್ವಲ್ಪ ಉಬ್ಬಿದ ಉಂಗುರದಂತಹ ಭಾಗವಿರುತ್ತದೆ. ಇದನ್ನು ಕೊಂಬೆಯ ಕೊರಳು ಎನ್ನಬಹುದು. ಮರದ ರಕ್ಷಣಾ ಗೋಡೆ ಬಲವಾಗಿ ಏಳುವುದು ಇಲ್ಲಿಯೇ. ಕೊರಳನ್ನು ಉಳಿಸಿ ಅದರ ಹೊರಗೆ ಕತ್ತರಿಸಿದರೆ ಗಾಯ ಬೇಗ ಮುಚ್ಚುತ್ತದೆ. ನೋಡಲು ಅಂದವಾಗಿರಲೆಂದು ಕಾಂಡಕ್ಕೆ ಸಮನಾಗಿ ಕೆತ್ತಿದರೆ ಕೊರಳೇ ಹೋಗುತ್ತದೆ. ಉದ್ದನೆಯ ಮೋಟು ಬಿಟ್ಟರೆ ಆ ಮೋಟು ಸತ್ತು ಕೊಳೆಗೆ ದಾರಿಯಾಗುತ್ತದೆ.

ಭಾರವಾದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಇದಕ್ಕಾಗಿ ಮೂರು ಕಡಿತದ ಕ್ರಮವಿದೆ. ಮೊದಲು ಕಾಂಡದಿಂದ ಒಂದಡಿಯಷ್ಟು ಆಚೆ ಕೊಂಬೆಯ ಕೆಳಭಾಗದಲ್ಲಿ ಅರ್ಧದಷ್ಟು ಆಳಕ್ಕೆ ಗರಗಸ ಹಾಕಬೇಕು. ಅನಂತರ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಕೊನೆಯಲ್ಲಿ ಉಳಿದ ತುಂಡನ್ನು ಕೊರಳಿನ ಹೊರಗೆ ನಯವಾಗಿ ತೆಗೆಯಬೇಕು. ಮಚ್ಚಿನಿಂದ ಇದು ಸಾಧ್ಯವಿಲ್ಲ, ಗರಗಸವೇ ಬೇಕು.

ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ. ಒಳಗೆ ತೇವ ಉಳಿದು ಅದಕ್ಕೆ ಅನುಕೂಲವಾಗುವುದೂ ಉಂಟು. ಇನ್ನು ನೆತ್ತಿ ಕಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಲೆಯೇ ಮರದ ಅಡುಗೆಮನೆ. ಅದನ್ನು ಒಮ್ಮೆಲೇ ಕಳೆದುಕೊಂಡ ಮರ ಕೂಡಿಟ್ಟ ಆಹಾರವನ್ನೆಲ್ಲ ವ್ಯಯಿಸಿ ಅವಸರದ ಚಿಗುರು ಹೊರಡಿಸುತ್ತದೆ. ಈ ಚಿಗುರು ಕಟ್ಟಿಗೆಯ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುವುದರಿಂದ, ದಪ್ಪವಾದಷ್ಟೂ ಅಪಾಯ ಹೆಚ್ಚು. ಒಂದು ವರ್ಷದಲ್ಲಿ ಹಸಿರಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಸಾಮಾನ್ಯ ನಿಯಮ. ಮುಪ್ಪಿನ ಮರಕ್ಕೆ ಇನ್ನೂ ಕಡಿಮೆ.

ನೆಲದಡಿಯ ನಷ್ಟ

ಕಣ್ಣಿಗೆ ಕಾಣದ ಹಾನಿ ಬೇರಿನದು. ಮರ ಎತ್ತರವಿದ್ದಷ್ಟೇ ಬೇರು ಆಳಕ್ಕಿದೆ ಎಂಬ ನಂಬಿಕೆ ಸರಿಯಲ್ಲ. ಬಹುಪಾಲು ಬೇರುಗಳು ನೆಲದ ಮೇಲಿನ ಎರಡು ಅಡಿಯೊಳಗೇ ಇದ್ದು, ಕೊಂಬೆಗಳ ನೆರಳನ್ನೂ ದಾಟಿ ದೂರ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿ, ಕಾಂಡಕ್ಕೆ ತಾಗುವಂತೆ ಟೈಲ್ಸ್ ಕೂರಿಸಿದರೆ ಬೇರು ಉಸಿರುಗಟ್ಟುತ್ತದೆ. ಕಾಂಡದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಯ ಸಂಸ್ಥೆಗಳಿಗೆ ಆದೇಶಿಸಿದ್ದು ಇದೇ ಕಾರಣಕ್ಕೆ.

ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಕಟ್ಟುವಾಗ ಇನ್ನೂ ದೊಡ್ಡ ಆಪತ್ತು. ಬುನಾದಿ, ಸಂಪು, ಒಳಚರಂಡಿಗಾಗಿ ತೋಡುವ ಕಾಲುವೆ ಒಂದು ಪಕ್ಕದ ಬೇರುಗಳನ್ನು ಕತ್ತರಿಸಿಬಿಡುತ್ತದೆ. ಮರ ಕೂಡಲೇ ಒಣಗುವುದಿಲ್ಲ; ಒಂದೆರಡು ಮಳೆಗಾಲ ಹಸಿರಾಗಿಯೇ ನಿಂತು, ಬಳಿಕ ಗಾಳಿಗೆ ಬುಡಸಹಿತ ಉರುಳುತ್ತದೆ. ಆಗ ತಪ್ಪನ್ನು ಗಾಳಿಯ ಮೇಲೆ ಹೊರಿಸುತ್ತೇವೆ.

ಬ್ರಿಟನ್ನಿನ ನಿರ್ಮಾಣ ಮಾನದಂಡದ ಪ್ರಕಾರ ಕಾಂಡದ ವ್ಯಾಸದ 12 ಪಟ್ಟು ದೂರದವರೆಗಿನ ನೆಲವನ್ನು ಬೇರಿಗಾಗಿ ಕಾಯ್ದಿರಿಸಬೇಕು. ಅಂದರೆ ಅರ್ಧ ಮೀಟರ್ ವ್ಯಾಸದ ಮರಕ್ಕೆ ಸುತ್ತಲೂ 6 ಮೀಟರ್. ನಮ್ಮ ಮೂವತ್ತು-ನಲವತ್ತರ ನಿವೇಶನದಲ್ಲಿ ಇದು ಅಸಾಧ್ಯವೆಂಬುದು ನಿಜ. ಆದರೆ ನಕ್ಷೆ ಬರೆಯುವ ಹಂತದಲ್ಲಿಯೇ ಮರವನ್ನು ಗುರುತಿಸಿ, ಸಂಪನ್ನು ಮತ್ತೊಂದು ಮೂಲೆಗೆ ಸರಿಸುವುದು, ಮರದ ಬಳಿ ಯಂತ್ರದ ಬದಲು ಕೈಯಿಂದ ಅಗೆಸುವುದು, ಜಲ್ಲಿ-ಸಿಮೆಂಟನ್ನು ಬುಡದಲ್ಲಿ ರಾಶಿ ಹಾಕದಿರುವುದು, ಇವಿಷ್ಟು ಯಾರಿಗಾದರೂ ಸಾಧ್ಯ. ಬುಡದ ಸುತ್ತ ಎರಡರಿಂದ ನಾಲ್ಕು ಅಂಗುಲ ದಪ್ಪಕ್ಕೆ ಒಣಗಿದ ಎಲೆಯ ಹೊದಿಕೆ ಹಾಕುವುದೂ ಉಪಯುಕ್ತ. ಹೊದಿಕೆ ಕಾಂಡಕ್ಕೆ ತಾಗದಂತೆ ನೋಡಿಕೊಂಡರಾಯಿತು.

ಅಪಾಯದ ಲಕ್ಷಣಗಳು

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಸಾಕಷ್ಟು ಮುಂಚೆ, ಮನೆಯವರೇ ಮರವನ್ನು ಸುತ್ತಿ ನೋಡಬಹುದು. ಗಮನಿಸಬೇಕಾದ ಲಕ್ಷಣಗಳು ಇವು:

1. ಬುಡದಲ್ಲಿ ಅಥವಾ ಕಾಂಡದ ಮೇಲೆ ಅಣಬೆ ಎದ್ದಿರುವುದು. ಇದು ಒಳಗಿನ ಕೊಳೆಯ ಸೂಚನೆ. ತೆಂಗು, ಅಡಿಕೆ ಬೆಳೆಗಾರರು ಬಲ್ಲ ಅಣಬೆ ರೋಗದ ಗ್ಯಾನೊಡರ್ಮಾ ಜಾತಿಯ ಶಿಲೀಂಧ್ರಗಳು ನೆರಳಿನ ಮರಗಳನ್ನೂ ಬಿಡುವುದಿಲ್ಲ.

2. ಮರ ಹೊಸದಾಗಿ ವಾಲಿರುವುದು. ವಾಲಿದ ವಿರುದ್ಧ ದಿಕ್ಕಿನಲ್ಲಿ ನೆಲ ಬಿರಿದಿರುವುದು ಅಥವಾ ಎದ್ದಿರುವುದು. ಇದು ತುರ್ತು ಸ್ಥಿತಿ.

3. ಸಮನಾದ ಎರಡು ಕವಲುಗಳ ಸಂದಿಯಲ್ಲಿ ತೊಗಟೆ ಒಳಕ್ಕೆ ಸಿಕ್ಕಿಕೊಂಡಿರುವುದು, ಕೆಳಗೆ ಬಿರುಕು ಇಳಿದಿರುವುದು.

4. ನೆತ್ತಿಯಲ್ಲಿ ಒಣಕೊಂಬೆಗಳು, ಒಂದೇ ಪಕ್ಕದಲ್ಲಿ ಎಲೆ ಸಣ್ಣದಾಗಿರುವುದು.

5. ಮಾವಿನ ಕಾಂಡದಲ್ಲಿ ರಂಧ್ರ, ಬುಡದಲ್ಲಿ ಮರದ ಹೊಟ್ಟು ಉದುರಿರುವುದು. ಇದು ಕಾಂಡ ಕೊರೆಯುವ ಹುಳುವಿನ ಗುರುತು.

ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುತ್ತದೆ ಎಂದಲ್ಲ. ಒಳಗೆ ಟೊಳ್ಳಾದ ಉಕ್ಕಿನ ಕೊಳವೆ ಭಾರ ಹೊರುವುದನ್ನು ಕಾರ್ಖಾನೆಯವರಿಗೆ ಹೇಳಬೇಕಾಗಿಲ್ಲ. ಸುತ್ತಲಿನ ಗಟ್ಟಿ ಕಟ್ಟಿಗೆ ಎಷ್ಟು ದಪ್ಪ ಉಳಿದಿದೆ ಎಂಬುದೇ ಪ್ರಶ್ನೆ. ನುರಿತವರು ಮರದ ಸುತ್ತಿಗೆಯಿಂದ ಬಡಿದು ಶಬ್ದ ಆಲಿಸುತ್ತಾರೆ. ಸಂದೇಹವಿದ್ದರೆ ಸೂಜಿಯಂತಹ ಬೈರಿಗೆಯಿಂದ ಕಟ್ಟಿಗೆಯ ಪ್ರತಿರೋಧವನ್ನು ಅಳೆಯುವ, ಶಬ್ದತರಂಗಗಳಿಂದ ಕಾಂಡದ ಒಳಚಿತ್ರ ತೆಗೆಯುವ ಉಪಕರಣಗಳೂ ಇವೆ. ಈ ಪರೀಕ್ಷೆಯ ಬಳಿಕವಷ್ಟೇ ಮರವನ್ನು ಉಳಿಸುವುದೋ ತೆಗೆಯುವುದೋ ಎಂಬ ತೀರ್ಮಾನಕ್ಕೆ ಬರಬೇಕು. ತೆಗೆಯಲೇಬೇಕಾದ ಮರಗಳೂ ಇರುತ್ತವೆ. ಅದನ್ನು ನೇರವಾಗಿ ಹೇಳುವವನೇ ನಿಜವಾದ ತಜ್ಞ.

ಕಾನೂನಿನ ಚೌಕಟ್ಟು

ಮರ ನಮ್ಮ ನಿವೇಶನದಲ್ಲಿದೆ, ನಾವೇ ನೆಟ್ಟಿದ್ದೇವೆ ಎಂದ ಮಾತ್ರಕ್ಕೆ ಮನಬಂದಂತೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಖಾಸಗಿ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಮರ ಕಡಿಯುವುದು ಎಂಬ ಪದದ ವ್ಯಾಪ್ತಿಗೆ ಕೊಂಬೆ ಕಡಿತ, ತೊಗಟೆ ಸುಲಿಯುವಿಕೆ, ವಿಷ ಹಾಕುವುದು, ಸುಡುವುದು ಮೊದಲಾದವೂ ಬರುತ್ತವೆ. ಮರ ಸತ್ತಿದ್ದರೆ, ರೋಗಪೀಡಿತವಾಗಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯಕಾರಿಯಾಗಿದ್ದರೆ ಅನುಮತಿಗೆ ಅದು ಸಕಾರಣವಾಗುತ್ತದೆ. ಅರ್ಜಿಯೊಡನೆ ಛಾಯಾಚಿತ್ರ, ತಜ್ಞರ ವರದಿ ಇದ್ದರೆ ಕೆಲಸ ಸುಲಭ.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ತಮ್ಮ ಬಡಾವಣೆ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ವಿದ್ಯುತ್ ತಂತಿಯ ಬಳಿಯ ಕೊಂಬೆಗಳನ್ನಂತೂ ವಿದ್ಯುತ್ ಕಂಪನಿಗೆ ತಿಳಿಸಿ, ಸರಬರಾಜು ನಿಲ್ಲಿಸಿದ ಮೇಲೆಯೇ ಮುಟ್ಟತಕ್ಕದ್ದು.

ಕೆಲಸ ವಹಿಸುವ ಮುನ್ನ

ಅಗ್ಗದ ದರದ ಹಿಂದೆ ಮತ್ತೊಬ್ಬರ ಜೀವದ ಪ್ರಶ್ನೆಯೂ ಇದೆ. ಮೂವತ್ತು ಅಡಿ ಎತ್ತರದಲ್ಲಿ ಸೊಂಟಕ್ಕೆ ಬೆಲ್ಟ್ ಇಲ್ಲದೆ, ತಲೆಗೆ ಹೆಲ್ಮೆಟ್ ಇಲ್ಲದೆ ಮಚ್ಚು ಬೀಸುವ ಕೂಲಿಕಾರ ನಮ್ಮ ಅಂಗಳದಲ್ಲಿ ಬಿದ್ದರೆ ಅವನ ಸಂಸಾರದ ಗತಿಯೇನು? ಕಾರ್ಖಾನೆಯಲ್ಲಿ ನಾವು ಒಪ್ಪದ ಸ್ಥಿತಿಯನ್ನು ಮನೆಯಲ್ಲಿ ಒಪ್ಪುವುದು ಸರಿಯಲ್ಲ. ಆದುದರಿಂದ ಈ ಅಂಶಗಳನ್ನು ಬರವಣಿಗೆಯಲ್ಲಿ ಪಡೆಯಬೇಕು:

1. ಯಾವ ಕೊಂಬೆ, ಎಷ್ಟು, ಯಾವ ಉದ್ದೇಶಕ್ಕೆ. "ಮರ ಕ್ಲೀನ್ ಮಾಡುವುದು" ಎಂಬುದು ಕೆಲಸದ ವಿವರಣೆಯಲ್ಲ.

2. ಹತ್ತುವ ವಿಧಾನ. ಹಗ್ಗ ಮತ್ತು ಸುರಕ್ಷಾ ಬೆಲ್ಟ್ ಇರಬೇಕು. ಉಳಿಸಿಕೊಳ್ಳುವ ಮರಕ್ಕೆ ಮೊಳೆಕಾಲು ಹಾಕಿ ಹತ್ತಿದರೆ ಹೆಜ್ಜೆಹೆಜ್ಜೆಗೂ ಗಾಯ.

3. ಕೆಲಸಗಾರರಿಗೆ ಅಪಘಾತ ವಿಮೆ, ನೆರೆಯ ಆಸ್ತಿಗೆ ಹಾನಿಯಾದರೆ ಹೊಣೆ ಯಾರದೆಂಬ ಸ್ಪಷ್ಟನೆ.

4. ಕಡಿದ ಕಟ್ಟಿಗೆ ಯಾರಿಗೆ ಸೇರಿದ್ದು. ಕಟ್ಟಿಗೆಯೇ ಕೂಲಿ ಎಂದಾದರೆ ಅಗತ್ಯಕ್ಕಿಂತ ಹೆಚ್ಚು ಕಡಿಯುವ ಆಸೆ ಸಹಜ. ಸೌದೆ ಡಿಪೋದ ಲೆಕ್ಕವೇ ಅಲ್ಲಿ ಮರದ ಭವಿಷ್ಯವನ್ನು ತೀರ್ಮಾನಿಸುತ್ತದೆ.

5. ಕೆಲಸದ ಕಾಲ. ಒಣಗಿದ, ಅಪಾಯಕಾರಿ ಕೊಂಬೆಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು. ಉಳಿದ ಕೆಲಸವನ್ನು ಬೇಸಿಗೆಯ ಬಿರುಗಾಳಿಗೆ ಮೊದಲೇ, ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸುವುದು ಲೇಸು. ಮಾವಿಗಾದರೆ ಕಾಯಿ ಇಳಿಸಿದ ಬಳಿಕ. ಗೂಡಿನಲ್ಲಿ ಮರಿಗಳಿದ್ದರೆ ಕೆಲ ದಿನ ಕಾಯಬೇಕು.

ಉದ್ಯಮಕ್ಕೊಂದು ಅವಕಾಶ

ಮರದ ಆರೈಕೆ ಇತರ ದೇಶಗಳಲ್ಲಿ ಮಾನ್ಯತೆ ಪಡೆದ ವೃತ್ತಿ. ಅಂತರರಾಷ್ಟ್ರೀಯ ವೃಕ್ಷಪಾಲನಾ ಸಂಘ 1924ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 1992ರಿಂದ ಪರೀಕ್ಷೆ ನಡೆಸಿ ವೃಕ್ಷಪಾಲಕರಿಗೆ ಪ್ರಮಾಣಪತ್ರ ನೀಡುತ್ತಿದೆ. ನಮ್ಮಲ್ಲಿ ಮರ ಹತ್ತುವ ಕೌಶಲಕ್ಕೆ ಕೊರತೆಯಿಲ್ಲ. ಮಲೆನಾಡು, ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರವೇರುವವರ ಕಸುಬು ಯಾವ ತರಬೇತಿ ಶಾಲೆಗೂ ಕಡಿಮೆಯದಲ್ಲ. ಕೊರತೆಯಿರುವುದು ಆ ಕೌಶಲಕ್ಕೆ ಮರದ ಶಾಸ್ತ್ರ, ಸುರಕ್ಷಾ ಸಾಧನ, ವಿಮೆ ಮತ್ತು ಬಿಲ್ಲನ್ನು ಜೋಡಿಸುವ ಸಂಸ್ಥೆಗಳಿಗೆ.

ಸಣ್ಣ ಉದ್ಯಮಿಗಳು ಇಲ್ಲಿ ಯೋಚಿಸಬಹುದು. ಐದಾರು ಜನರ ತಂಡ, ಗರಗಸಗಳು, ಹಗ್ಗ-ಬೆಲ್ಟುಗಳು, ಕೊಂಬೆಗಳನ್ನು ಚೂರು ಮಾಡುವ ಒಂದು ಯಂತ್ರ ಇದ್ದರೆ ಬಡಾವಣೆಯ ನಿವಾಸಿಗಳ ಸಂಘಗಳೊಡನೆ ವಾರ್ಷಿಕ ಒಪ್ಪಂದಕ್ಕೆ ಇಳಿಯಬಹುದು. ಚೂರಾದ ಕೊಂಬೆ ತೋಟಗಳಿಗೆ ಹೊದಿಕೆಯಾಗಿ ಮಾರಾಟವಾದೀತು. ಉದ್ದ ಕೋಲಿನ ಗರಗಸ, ಚೂರು ಯಂತ್ರ ಮೊದಲಾದವುಗಳನ್ನು ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೇ ತಯಾರಿಸುವ ಸಾಮರ್ಥ್ಯವಿದೆ. ಕಾರ್ಖಾನೆಗಳ ಆವರಣದ ಮರಗಳಿಗೂ ಇದೇ ಸೇವೆ ಬೇಕಾಗಿದೆ. ಇಂತಹ ತರಬೇತಿ ಶಿಬಿರವೊಂದನ್ನು ಏರ್ಪಡಿಸುವುದು ವಾಣಿಜ್ಯ ಸಂಸ್ಥೆಗಳಿಗೆ ಕಷ್ಟದ ಕೆಲಸವಲ್ಲ.

ಮರದ ಬೆಲೆ ಎಷ್ಟು ಎಂದು ಕೇಳುವವರೂ ಇದ್ದಾರೆ. ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿಯ ಲೆಕ್ಕ 2021ರಲ್ಲಿ ಸುದ್ದಿಯಾಯಿತು. ಆ ಪ್ರಕಾರ ಮರದ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿ. ಅಂದರೆ ನಲವತ್ತು ವರ್ಷದ ಮರಕ್ಕೆ 29,80,000 ರೂಪಾಯಿ. ಈ ಹಣವನ್ನು ಯಾರೂ ನಮ್ಮ ಕೈಗೆ ಕೊಡುವುದಿಲ್ಲ, ಇದು ಪೇಟೆಯ ದರವಲ್ಲ. ಆದರೆ ಹತ್ತು ನಿಮಿಷದ ಚೌಕಾಶಿಯಲ್ಲಿ ಪಣಕ್ಕಿಡುತ್ತಿರುವುದು ಎಂತಹ ವಸ್ತುವನ್ನು ಎಂಬುದಕ್ಕೆ ಇದೊಂದು ಅಳತೆಗೋಲು.

ಮುಂದಿನ ಬೇಸಿಗೆಯ ಗಾಳಿ ಬೀಸುವ ಮುನ್ನ ಒಂದು ಭಾನುವಾರ ಬೆಳಿಗ್ಗೆ ಸದಸ್ಯ ಮಿತ್ರರು ತಮ್ಮ ಮನೆಯ, ಕಾರ್ಖಾನೆಯ ಮರಗಳನ್ನು ಬುಡದಿಂದ ನೆತ್ತಿಯವರೆಗೆ ಒಮ್ಮೆ ನೋಡಲಿ. ಕಂಡದ್ದನ್ನು ಬರೆದಿಟ್ಟುಕೊಂಡು, ಬಲ್ಲವರನ್ನು ಕರೆಸಿ, ದರಪಟ್ಟಿ ಪಡೆದು, ಅನುಮತಿ ಬೇಕಿದ್ದರೆ ಪಡೆದು, ಆಮೇಲೆ ಗರಗಸ ಎತ್ತಿಸಲಿ. ಗೇಟಿನ ಬಳಿ ಮಚ್ಚು ಹಿಡಿದು ಬಂದವರಿಗೆ ಆಗ "ಈ ವರ್ಷದ ಕೆಲಸ ಆಗಿದೆಯಪ್ಪ" ಎಂದು ಹೇಳಿ ಕಳುಹಿಸಬಹುದು.